ತೊಗರಿಗೆ ಕುಟ್ಟೆ ಹಿಡಿಯುವ ಮೊದಲು

(ತಾಲ್ಲೂಕಿನ ರೈತರ ಶಿಬಿರದಲ್ಲಿ ಆಡಿದ ಮಾತುಗಳ ಬರಹ ರೂಪ)



ಸಾಲದ ವಿಚಾರ ಮಾತಾಡುತ್ತೇನೆ ಅಂದುಕೊಂಡು ನೀವು ಬಂದಿದ್ದರೆ ಸ್ವಲ್ಪ ತಾಳಿ. ನಾನು ಈವತ್ತು ಹುಳದ ವಿಚಾರ ಹೇಳಲು ನಿಂತಿದ್ದೇನೆ. ಬೆಳೆಗೆ ಬೀಳುವ ಹುಳವಲ್ಲ. ಬೆಳೆ ಮನೆಗೆ ಬಂದ ಮೇಲೆ ತೊಗರಿ, ಅವರೆ, ಹುರುಳಿ, ಅಲಸಂದೆ, ಅಕ್ಕಿ, ಹಿಟ್ಟಿಗೆ ಬೀಳುವ ಹುಳ. ನಗಬೇಡಿ. ಸಾಲಕ್ಕೂ ಈ ಹುಳಕ್ಕೂ ಒಳಗೊಳಗೇ ನೆಂಟಸ್ತಿಕೆ ಇದೆ.

ಪ್ರತಿ ವರ್ಷ ನೋಡುತ್ತೀರಿ. ಜನವರಿಯಲ್ಲಿ ತೊಗರಿ ಒಕ್ಕಣೆಯಾಗುತ್ತದೆ. ಕಣದಿಂದ ಎತ್ತಿದ ಚೀಲ ಮನೆಯ ಹೊಸಿಲು ಸಹ ಮುಟ್ಟದೆ ಸೀದಾ ಮಂಡಿಗೆ ಹೋಗುತ್ತದೆ. ಎಲ್ಲರೂ ಒಂದೇ ಸಲ ಒಯ್ದರೆ ಬೆಲೆ ಏನಾಗುತ್ತದೆ ಅಂತ ಎರಡನೇ ಕ್ಲಾಸಿನ ಹುಡುಗನೂ ಹೇಳುತ್ತಾನೆ. "ಯಾಕಪ್ಪಾ, ನಾಲ್ಕು ತಿಂಗಳು ಇಟ್ಟುಕೊಳ್ಳಬಾರದಾ?" ಅಂತ ಕೇಳಿದರೆ ಎರಡು ಉತ್ತರ ಬರುತ್ತದೆ. ಒಂದು, ಸಾಲ ಕಟ್ಟಬೇಕು. ಇನ್ನೊಂದು, ಇಟ್ಟರೆ ಹುಳ ಬೀಳುತ್ತದೆ. ಮೊದಲನೆಯದಕ್ಕೆ ನಾವು ಸಭೆ ಮಾಡಿದ್ದೇವೆ, ಧರಣಿ ಕೂತಿದ್ದೇವೆ, ಈ ಪತ್ರಿಕೆಯಲ್ಲಿ ಪುಟಗಟ್ಟಲೆ ಬರೆದಿದ್ದೇವೆ. ಎರಡನೆಯದನ್ನು ಮಾತ್ರ ಹಣೆಬರಹ ಅಂತ ಬಿಟ್ಟಿದ್ದೇವೆ. ಅದು ಹಣೆಬರಹ ಅಲ್ಲ. ನಮ್ಮ ಕೈಯಲ್ಲೇ ಇರುವ ಕೆಲಸ.

ನನ್ನ ಕಥೆಯನ್ನೇ ಕೇಳಿ. ಇಪ್ಪತ್ತು ವರ್ಷದ ಹಿಂದೆ ಒಂದು ಸಲ ಹಟ ಹಿಡಿದು ಆರು ಕ್ವಿಂಟಾಲ್ ತೊಗರಿಯನ್ನು ಅಟ್ಟದ ಮೇಲೆ ಇಟ್ಟೆ. ಚೀಲ ಸಾಲದೆ ಬಂದಾಗ ಸಾಲ ಕೊಟ್ಟವನ ಅಂಗಡಿಯಿಂದಲೇ ಹಳೇ ಗೋಣಿಚೀಲ ತಂದಿದ್ದೆ. ಸಾಲದ ಜೊತೆ ಚೀಲವೂ ಅವನದ್ದೇ. ಯುಗಾದಿ ಹೊತ್ತಿಗೆ ಚೀಲದ ಬುಡದಲ್ಲಿ ಬಿಳಿ ಹುಡಿ ಕಾಣಿಸಿತು. ಬಸವ ಜಯಂತಿ ಹೊತ್ತಿಗೆ ಚೀಲದ ಮೇಲೆ ಕೈ ಇಟ್ಟರೆ ಬೆಚ್ಚಗೆ, ಜ್ವರ ಬಂದ ಮಗುವಿನ ಹಣೆಯ ಹಾಗೆ. ಮಾರಲು ಒಯ್ದಾಗ ವ್ಯಾಪಾರಿ ಒಂದು ಹಿಡಿ ತೆಗೆದು ಅಂಗೈ ಮೇಲೆ ಹರಡಿ, "ಇದು ತೊಗರಿಯಲ್ಲ ಗೌಡ್ರೆ, ಜರಡಿ" ಅಂದ. ಆಗ ಮಂಡಿಯ ಬೆಲೆ ಜನವರಿಗಿಂತ ಮೇಲಿತ್ತು. ನನಗೆ ಸಿಕ್ಕಿದ್ದು ಜನವರಿಗಿಂತ ಕೆಳಗೆ. ಆ ಬಡ್ಡಿ ತೀರಿಸಲು ಮುಂದಿನ ಎರಡು ಬೆಳೆ ಬೇಕಾಯಿತು. ಆಮೇಲೆ ಈ ಹುಳ ಅಂದರೆ ಏನು ಅಂತ ವಿಚಾರಿಸಲು ಶುರು ಮಾಡಿದೆ. ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿದೆ, ಓದಿದೆ. ಅದಕ್ಕಿಂತ ಹೆಚ್ಚು ನಮ್ಮ ಅವ್ವನಿಂದ ಕಲಿತೆ.

ಮೊದಲು ತಿಳಿಯಬೇಕಾದ್ದು ಏನಪ್ಪಾ ಅಂದರೆ, ತೊಗರಿಯ ಹುಳ ಅಟ್ಟದಲ್ಲಿ ಹುಟ್ಟುವುದಿಲ್ಲ. ಕಾಯಿ ಬಲಿತು ಒಣಗುವಾಗ ಹೊಲದಲ್ಲೇ ಕಾಳು ದುಂಬಿ ಬಂದು ಕಾಯಿಯ ಮೇಲೆ ಮೊಟ್ಟೆ ಅಂಟಿಸುತ್ತದೆ. ಹೀಗೆ ನಾಲ್ಕಾರು ಕಾಳಿನ ಒಳಗೆ ಕೂತು ನಿಮ್ಮ ಗಾಡಿಯಲ್ಲೇ ಮನೆಗೆ ಬರುತ್ತದೆ. ಇನ್ನು ಕೆಲವು ಹಳೇ ಚೀಲದ ಹೊಲಿಗೆಯಲ್ಲಿ, ಗೋಡೆಯ ಬಿರುಕಿನಲ್ಲಿ, ಹೋದ ವರ್ಷದ ಉಳಿಕೆ ಕಾಳಿನಲ್ಲಿ ಕಾಯುತ್ತಿರುತ್ತವೆ. ಕಾಳನ್ನು ಬಿಸಿಲಿಗೆ ಹಿಡಿದು ನೋಡಿ, ಸಿಪ್ಪೆಯ ಮೇಲೆ ಸುಣ್ಣದ ಚುಕ್ಕಿಯಂಥ ಬಿಳಿ ಚುಕ್ಕಿ ಇರುತ್ತದೆ. ಅದೇ ಮೊಟ್ಟೆ. ಮರಿ ಅಲ್ಲಿಂದ ನೇರ ಕಾಳಿನೊಳಕ್ಕೆ ಕೊರೆಯುತ್ತದೆ, ಒಳಗೇ ತಿಂದು ಬೆಳೆಯುತ್ತದೆ. ನೀವು ನೋಡುವ ದುಂಡನೆಯ ತೂತು ಹುಳ ಒಳಗೆ ಹೋದದ್ದಲ್ಲ, ತಿಂದು ಮುಗಿಸಿ ಹೊರಗೆ ಬಂದದ್ದು. ಹೊರಗೆ ಬಂದ ದುಂಬಿ ಕಾಳನ್ನು ಮುಟ್ಟುವುದೂ ಇಲ್ಲ. ಹತ್ತು ಹನ್ನೆರಡು ದಿನ ಬದುಕಿ ಮೊಟ್ಟೆ ಇಟ್ಟು ಸಾಯುತ್ತದೆ. ಅಂದರೆ ಹುಳ ಕಣ್ಣಿಗೆ ಬಿದ್ದು ನೀವು ಔಷಧಿ ಹುಡುಕಲು ಓಡುವ ಹೊತ್ತಿಗೆ ಊಟ ಮುಗಿದಿದೆ.

ಲೆಕ್ಕ ಹಾಕೋಣ. ಸಾಲದ ಲೆಕ್ಕ ಹಾಕಿ ಹಾಕಿ ನಮಗೆ ಚಕ್ರಬಡ್ಡಿ ಚೆನ್ನಾಗಿ ಗೊತ್ತು. ಒಂದು ಹೆಣ್ಣು ಸುಮಾರು ೮೦ ಮೊಟ್ಟೆ ಇಡುತ್ತದೆ. ಬೆಚ್ಚನೆಯ ಕಾಲದಲ್ಲಿ ಮೊಟ್ಟೆಯಿಂದ ದುಂಬಿಯಾಗಲು ೨೫ರಿಂದ ೩೦ ದಿನ. ಅರ್ಧ ಸತ್ತವು ಅನ್ನಿ, ಉಳಿದ ೪೦ರಲ್ಲಿ ೨೦ ಹೆಣ್ಣು. ಒಂದು ತಿಂಗಳಿಗೆ ೨೦, ಎರಡಕ್ಕೆ ೪೦೦, ಮೂರಕ್ಕೆ ೮,೦೦೦, ನಾಲ್ಕಕ್ಕೆ ೧ ಲಕ್ಷ ೬೦ ಸಾವಿರ. ಇದು ಒಂದೇ ಒಂದು ದುಂಬಿಯಿಂದ. ಯಾವ ಸಾಹುಕಾರನೂ ಈ ದರಕ್ಕೆ ಬಡ್ಡಿ ಹಾಕಿದ್ದನ್ನು ನಾನು ಕಂಡಿಲ್ಲ. ಹಾಗಾಗಿ ಮೊದಲನೇ ವಾರದಲ್ಲಿ ಹತ್ತು ಹುಳ ಕೊಂದವನು, ಮೇ ತಿಂಗಳಲ್ಲಿ ಹತ್ತು ಸಾವಿರ ಕೊಂದವನಿಗಿಂತ ಜಾಣ.

ಕೊಲ್ಲುವುದು ಹೇಗೆ? ಬಿಸಿಲು ಮತ್ತು ಉಸಿರು ಕಟ್ಟಿಸುವುದು, ಈ ಎರಡರಿಂದ.

ಬಿಸಿಲಿಗೆ ಹಾಕುತ್ತೇವಲ್ಲ ಅನ್ನುತ್ತೀರಿ. ಹೇಗೆ ಹಾಕುತ್ತೀರಿ? ಅಂಗಳದಲ್ಲಿ ಗೇಣು ದಪ್ಪಕ್ಕೆ ಸುರಿದು, ಒಂದು ಸಲ ಕಾಲಲ್ಲಿ ಗೀರಿ, ಸಂಜೆ ತುಂಬುತ್ತೀರಿ. ಮೇಲಿನ ಕಾಳಿನ ಹುಳ ಕೆಳಕ್ಕೆ ಇಳಿಯುತ್ತದೆ, ಇಲ್ಲವೇ ನೆರಳು ಹುಡುಕಿಕೊಂಡು ಗೋಡೆ ಹತ್ತಿ ಮನೆಯೊಳಕ್ಕೇ ವಾಪಸು ಬರುತ್ತದೆ. ಮನೆಯಿಂದ ದೂರ, ಬಂಡೆಯ ಮೇಲೋ ಕಣದಲ್ಲೋ ಹಾಕಿ. ಕೆಳಗೆ ಕಪ್ಪು ಟಾರ್ಪಾಲು ಹಾಸಿ. ಅದರ ಮೇಲೆ ಕಾಳನ್ನು ಒಂದು ಬೆರಳಿನ ದಪ್ಪಕ್ಕೆ ಹರಡಿ. ಮೇಲೆ ಗಾಜಿನ ಹಾಗೆ ಪಾರದರ್ಶಕವಾದ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಕಲ್ಲು ಮಣ್ಣು ಹೇರಿ ಗಾಳಿ ಆಡದಂತೆ ಮಾಡಿ. ಒಳಗೆ ೫೭ ಡಿಗ್ರಿ ಶಾಖ ಒಂದು ಗಂಟೆ ನಿಂತರೆ ಅಲಸಂದೆ ದುಂಬಿಯ ಮೊಟ್ಟೆ, ಮರಿ, ಕೋಶ ಎಲ್ಲವೂ ಸಾಯುತ್ತವೆ ಎಂದು ಪ್ರಯೋಗ ಮಾಡಿ ಕಂಡಿದ್ದಾರೆ. ಫೆಬ್ರವರಿ ಮಾರ್ಚಿನ ನಮ್ಮ ಬಿಸಿಲಿಗೆ ಅದೇನು ದೊಡ್ಡ ಮಾತಲ್ಲ. ಹತ್ತು ಗಂಟೆಯಿಂದ ಮೂರರವರೆಗೆ ಬಿಟ್ಟರಾಯಿತು. ಹಸಿ ಇರುವ ಕಾಳನ್ನು ಹೀಗೆ ಮುಚ್ಚಿದರೆ ಬೆವರುತ್ತದೆ, ಅದಕ್ಕೇ ಮೊದಲು ತೆರೆದ ಬಿಸಿಲಿನಲ್ಲಿ ಒಣಗಿಸಿರಬೇಕು. ಬೀಜಕ್ಕೆ ಇಡುವ ಕಾಳನ್ನು ಮಾತ್ರ ಹೀಗೆ ಕಾಯಿಸಬೇಡಿ, ಅದಕ್ಕೆ ಬೇರೆ ದಾರಿ ಹೇಳುತ್ತೇನೆ.

ಬಿಸಿಲಿನಿಂದ ತೆಗೆದ ಕೂಡಲೇ ಬಿಸಿ ಬಿಸಿಯಾಗಿ ತುಂಬಬಾರದು. ರಾತ್ರಿ ಚೀಲದೊಳಗೆ ಬೆವರಿ ಬೂಷ್ಟು ಬರುತ್ತದೆ. ನೆರಳಿನಲ್ಲಿ ಹರಡಿ ತಣ್ಣಗಾದ ಮೇಲೆ ತುಂಬಿ.

ಒಣಗಿದೆಯೋ ಇಲ್ಲವೋ ನೋಡಲು ನಮ್ಮವರು ಹಲ್ಲಲ್ಲಿ ಕಡಿದು ಕಟ್ ಅಂತ ಸದ್ದು ಕೇಳುತ್ತಾರೆ. ಅದು ಒಳ್ಳೆಯದೇ, ಆದರೆ ನನ್ನ ಹಲ್ಲಿಗೆ ಈಗ ಆ ಸಾಕ್ಷಿ ಹೇಳುವ ಯೋಗ್ಯತೆ ಉಳಿದಿಲ್ಲ. ಇನ್ನೊಂದು ಉಪಾಯ ಇದೆ. ಚೆನ್ನಾಗಿ ಒಣಗಿದ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಪಾಲು ಕಾಳು ಹಾಕಿ, ಎರಡು ಮೂರು ಚಮಚ ಒಣಗಿದ ಪುಡಿ ಉಪ್ಪು ಸೇರಿಸಿ, ಮುಚ್ಚಳ ಬಿಗಿದು ಒಂದು ನಿಮಿಷ ಕುಲುಕಿ. ಕಾಲು ಗಂಟೆ ಬಿಡಿ. ಉಪ್ಪು ಬಾಟಲಿಯ ಗೋಡೆಗೆ ಅಂಟಿದರೆ ತೇವ ನೂರಕ್ಕೆ ೧೫ಕ್ಕಿಂತ ಮೇಲಿದೆ, ಇಡಲು ಲಾಯಕ್ಕಿಲ್ಲ. ಅಂಟದೆ ಬುಡಕ್ಕೆ ಬಿದ್ದರೆ ಅದಕ್ಕಿಂತ ಕೆಳಗಿದೆ ಅಂತ ಮಾತ್ರ ಅರ್ಥ, ಅಲ್ಲಿಗೇ ನಿಲ್ಲಿಸಬೇಡಿ, ಇನ್ನೂ ಎರಡು ದಿನ ಬಿಸಿಲು ಕೊಡಿ. ಭತ್ತ, ಜೋಳಕ್ಕೆ ತೇವ ೧೨ರ ಹತ್ತಿರ ಬರಬೇಕು, ಬೇಳೆಕಾಳಿಗೆ ಒಂಬತ್ತು ಹತ್ತಕ್ಕೆ ಇಳಿಯಬೇಕು.

ಇನ್ನು ಉಸಿರು ಕಟ್ಟಿಸುವ ಮಾತು. ಇದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ನಮ್ಮ ತಾತನ ಕಾಲದ ಹಗೇವು ನೆನಪಿದೆಯೇ? ಗಟ್ಟಿ ನೆಲದಲ್ಲಿ ಗಡಿಗೆಯ ಹಾಗೆ ಕಿರಿದಾದ ಬಾಯಿ, ಅಗಲವಾದ ಹೊಟ್ಟೆ. ಒಳಗೆ ಬೆಂಕಿ ಹಾಕಿ ಒಣಗಿಸಿ, ಸುತ್ತ ಹುಲ್ಲು ಕೊಟ್ಟು, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ವರ್ಷಗಟ್ಟಲೆ ಬರಗಾಲ ಬರಲಿ ಅಂತ ಅದು ಅಲ್ಲೇ ಕೂತಿರುತ್ತಿತ್ತು. ರಾಗಿಗೆ ಹುಳದ ಕಾಟ ಮೊದಲೇ ಕಡಿಮೆ, ಕಾಳು ಎಷ್ಟು ಸಣ್ಣದೆಂದರೆ ಸೊಂಡಿಲ ಹುಳದ ಮರಿಗೆ ಒಳಗೆ ಮೈ ಚಾಚಲು ಜಾಗವಿಲ್ಲ. ಅದರ ಮೇಲೆ ಹಗೇವಿನೊಳಗೆ ಗಾಳಿಯೂ ಇಲ್ಲ. ಕಾಳು ಉಸಿರಾಡಿ, ಹುಳ ಉಸಿರಾಡಿ, ಒಳಗಿನ ಪ್ರಾಣವಾಯು ಮುಗಿದು ಇಂಗಾಲದ ಗಾಳಿ ತುಂಬಿಕೊಳ್ಳುತ್ತಿತ್ತು. ಅದಕ್ಕೇ ಹಗೇವು ತೆಗೆದ ದಿನ ಯಾರನ್ನೂ ಇಳಿಸುತ್ತಿರಲಿಲ್ಲ. ಬಾಯಿ ತೆರೆದು ಬಿಟ್ಟು, ಆಮೇಲೆ ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಮನುಷ್ಯನೂ ಆರುತ್ತಾನೆ. ಆತುರಪಟ್ಟು ಇಳಿದು ಸತ್ತವರೂ ಇದ್ದಾರೆ. ಯಾರಾದರೂ ಹಳೇ ಹಗೇವು ತೆಗೆಯುವವರಿದ್ದರೆ ಇದನ್ನು ಮರೆಯಬೇಡಿ. ಮನುಷ್ಯನನ್ನೇ ಕೊಲ್ಲುವ ಗಾಳಿ ಹುಳವನ್ನು ಬಿಡುತ್ತದೆಯೇ?

ಅದೇ ಉಪಾಯ ಈಗ ಚೀಲದ ರೂಪದಲ್ಲಿ ಬಂದಿದೆ. ಆಫ್ರಿಕಾದ ಕ್ಯಾಮರೂನ್ ದೇಶದಲ್ಲಿ ರೈತರು ಬೆಳೆಯುವುದು ನಮ್ಮದೇ ಅಲಸಂದೆ, ಅದಕ್ಕೆ ಬೀಳುವುದೂ ಇದೇ ಜಾತಿಯ ದುಂಬಿ. ಅವರಿಗೂ ನಮ್ಮ ಪಾಡೇ, ಕೊಯ್ದ ಕೂಡಲೇ ಸಿಕ್ಕಿದ ಬೆಲೆಗೆ ಮಾರುವುದು. ಅಲ್ಲಿ ೧೯೮೭ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಶುರು ಮಾಡಿದ ಕೆಲಸದಿಂದ ಮೂರು ಪದರದ ಚೀಲ ಹುಟ್ಟಿತು. ಒಳಗೆ ದಪ್ಪನೆಯ ಎರಡು ಪ್ಲಾಸ್ಟಿಕ್ ಚೀಲ, ಹೊರಗೆ ನೇಯ್ದ ಚೀಲ. ಕಾಳು ತುಂಬಿ, ಮೇಲೆ ಗಾಳಿ ಉಳಿಯದಂತೆ ಒತ್ತಿ, ಒಂದೊಂದರ ಬಾಯಿಯನ್ನೂ ತಿರುಚಿ ಮಡಿಚಿ ಬೇರೆ ಬೇರೆ ದಾರದಲ್ಲಿ ಬಿಗಿಯಬೇಕು. ಒಳಗಿರುವ ಹುಳ ಇದ್ದ ಪ್ರಾಣವಾಯುವನ್ನು ತಾನೇ ಮುಗಿಸಿಕೊಂಡು, ಕೆಲವು ದಿನಗಳಲ್ಲಿ ತಿನ್ನುವುದನ್ನು ನಿಲ್ಲಿಸಿ, ಮೈಯ ನೀರು ಆರಿ ಸಾಯುತ್ತದೆ. ಅಂಥ ಚೀಲಗಳು ಈಗ ನಮ್ಮಲ್ಲೂ ಮಾರಾಟಕ್ಕಿವೆ. ಬೀಜದ ಕಾಳಿಗೆ ಇದೇ ದಾರಿ, ಆದರೆ ಅದು ಚೆನ್ನಾಗಿ ಒಣಗಿರಬೇಕು. ಕೊಳ್ಳುವಾಗ ಒಳಚೀಲವನ್ನು ಊದಿ, ತೂತು ಇದೆಯೇ ನೋಡಿ. ಹಲಗೆಯ ಮೇಲೆ, ಗೋಡೆಗೆ ತಾಗದ ಹಾಗೆ ಇಡಿ. ಇಲಿ ಒಂದು ಕಡೆ ಹಲ್ಲು ಹಾಕಿದರೆ ಮುಗಿಯಿತು. ವಾರಕ್ಕೊಂದು ಸಲ ಬಿಚ್ಚಿ ನೋಡುವ ಚಪಲ ಇರುವವರು ಈ ಚೀಲದ ತಂಟೆಗೆ ಹೋಗದಿರುವುದೇ ಲೇಸು. ಚೀಲ ಸಿಗದಿದ್ದರೆ ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡ್ರಮ್ಮು ಆಗುತ್ತದೆ, ಆದರೆ ಕಂಠಮಟ್ಟ ತುಂಬಿರಬೇಕು. ಅರ್ಧ ಡ್ರಮ್ಮು ತುಂಬಿದರೆ ಉಳಿದರ್ಧ ಹುಳಕ್ಕೆ ಉಸಿರು.

ಹಾಗಾದರೆ ಬೂದಿ, ಬೇವು, ಲಕ್ಕಿಸೊಪ್ಪು, ಕೆಮ್ಮಣ್ಣು? ಕೇಳುತ್ತೀರಿ ಅಂತ ಗೊತ್ತು. ನನ್ನ ಅನುಭವ ಹೇಳುತ್ತೇನೆ. ಕೆಮ್ಮಣ್ಣು ಕಟ್ಟಿ ಒಣಗಿಸಿದ ತೊಗರಿ ನಿಲ್ಲುತ್ತದೆ. ಜರಡಿ ಹಿಡಿದ ಒಣ ಬೂದಿ ಕೆಲಸ ಮಾಡುತ್ತದೆ, ಹುಳದ ಮೈಮೇಲಿನ ಮೇಣದ ಪೊರೆಯನ್ನು ಕೆರೆದು ಅದರ ನೀರನ್ನು ಹೀರುತ್ತದೆ. ಕಾಳಿನ ಮೇಲೆ ಎರಡು ಮೂರು ಬೆರಳು ಒಣ ಮರಳು ಹಾಸುವುದೂ ಒಳ್ಳೆಯದು, ದುಂಬಿ ಮರಳು ದಾಟಿ ಬರಲಾರದು. ಹರಳೆಣ್ಣೆಯನ್ನೋ ಕಡಲೆಕಾಯಿ ಎಣ್ಣೆಯನ್ನೋ ಕೆ.ಜಿ.ಗೆ ಒಂದು ಸಣ್ಣ ಚಮಚ ಹಾಕಿ ಕೈಯಲ್ಲಿ ಉಜ್ಜಿದರೆ ಸಿಪ್ಪೆಯ ಮೇಲಿನ ಮೊಟ್ಟೆಗೆ ಉಸಿರು ಕಟ್ಟುತ್ತದೆ. ಇದು ಮನೆಗೆ ಬೇಕಾದ ಒಂದೆರಡು ಡಬ್ಬಕ್ಕೆ ಸರಿ. ಬೇವು, ಲಕ್ಕಿಯ ಮೇಲೆ ಮಾತ್ರ ನನಗೆ ಅಷ್ಟು ಭರವಸೆ ಇಲ್ಲ. ಹಸಿ ಸೊಪ್ಪು ಹಾಕಿದವರು ತೇವ ಕೊಟ್ಟು ಬೂಷ್ಟು ತಂದುಕೊಂಡದ್ದನ್ನು ನೋಡಿದ್ದೇನೆ. ಹಾಕುವುದಾದರೆ ಗರಿಗರಿ ಒಣಗಿಸಿ ಹಾಕಿ, ಅದನ್ನೇ ನಂಬಿ ಕೂರಬೇಡಿ. ತೊಗರಿಯನ್ನು ಬೇಳೆ ಮಾಡಿಸಿಟ್ಟರೆ ಕಾಳು ದುಂಬಿಯ ಕಾಟ ಬಹುಪಾಲು ತಪ್ಪುತ್ತದೆ ಎಂಬುದನ್ನೂ ಮರೆಯಬೇಡಿ. ಸಿಪ್ಪೆ ಹೋಗಿ ಎರಡು ಹೋಳಾದ ಬೇಳೆ ಅದರ ಸಂಸಾರಕ್ಕೆ ಒಗ್ಗುವುದಿಲ್ಲ.

ವಿಷದ ಮಾತು ಹೇಳಲೇಬೇಕು. ನಮ್ಮ ಹಿರಿಯರ ಕೈಗೆ ಒಂದು ಕಾಲದಲ್ಲಿ ಬಿ.ಎಚ್.ಸಿ. ಪುಡಿ ಕೊಟ್ಟರು, ಕಾಳಿನಲ್ಲಿ ಒಡೆಯುವ ಇ.ಡಿ.ಬಿ. ಗಾಜಿನ ಕೊಳವೆ ಕೊಟ್ಟರು. ಬಿ.ಎಚ್.ಸಿ.ಯನ್ನು ೧೯೯೭ರಲ್ಲಿ, ಇ.ಡಿ.ಬಿ.ಯನ್ನು ೨೦೦೧ರಲ್ಲಿ ಸರ್ಕಾರವೇ ನಿಷೇಧಿಸಿತು. ಅಷ್ಟರಲ್ಲಿ ಅದರ ಅನ್ನ ಉಂಡವರು ಉಂಡಾಗಿತ್ತು. ಈಗ ಉಳಿದಿರುವುದು ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ. ಗೋದಾಮಿನಲ್ಲಿ, ತರಬೇತಿಯಾದವರು, ಗಾಳಿ ಆಡದ ಹೊದಿಕೆ ಹಾಕಿ ಬಳಸಬೇಕಾದ ವಸ್ತು ಅದು. ಗಾಳಿಯ ತೇವಕ್ಕೇ ವಿಷದ ಅನಿಲ ಬಿಡುತ್ತದೆ. ಮೂರು ಗ್ರಾಂ ಮಾತ್ರೆಯಿಂದ ಒಂದು ಗ್ರಾಂ ಅನಿಲ. ಅದಕ್ಕೆ ಪ್ರತಿವಿಷ ಇಲ್ಲ. ಪಕ್ಕದ ಕೋಣೆಯಲ್ಲಿ ಮಲಗಿದ ಮಕ್ಕಳು ಬೆಳಿಗ್ಗೆ ಏಳದ ಸುದ್ದಿಯನ್ನು ನೀವೂ ಪತ್ರಿಕೆಯಲ್ಲಿ ಓದಿರುತ್ತೀರಿ. ಯಾವ ಕಾರಣಕ್ಕೂ ಜನ ಇರುವ ಮನೆಯಲ್ಲಿ ಅದು ಬೇಡ. ಸಾಲದಲ್ಲಿ ಮುಳುಗಿದ ಮನೆಯಲ್ಲಿ ಅದು ಅಟ್ಟದ ಮೇಲಿರುವುದೇ ಬೇಡ, ಯಾಕೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಅಕ್ಕಿಗೆ ಬೋರಿಕ್ ಪುಡಿ ಬೆರೆಸುವ ಅಭ್ಯಾಸವನ್ನೂ ಬಿಡಿ. ಅದು ಊಟಕ್ಕೆ ಸೇರಿಸುವ ವಸ್ತುವಲ್ಲ.

ಈಗ ಅಡುಗೆ ಮನೆಗೆ ಬನ್ನಿ. ಗಂಡಸರು ಇಲ್ಲಿ ಎದ್ದು ಬೀಡಿ ಸೇದಲು ಹೋಗುವುದು ಬೇಡ, ಕೂರಿ. ಹಿಟ್ಟಿನ ನುಸಿ, ಅಂದರೆ ಕೆಂಪು ಸಣ್ಣ ಹುಳ, ಇಡಿ ಕಾಳನ್ನು ಕೊರೆಯಲಾರದು. ನುಚ್ಚು, ರವೆ, ಹಿಟ್ಟು ಕಂಡರೆ ಬಿಡದು. ಆದ್ದರಿಂದ ರಾಗಿಯನ್ನು ಕಾಳಾಗಿಯೇ ಇಟ್ಟು ಹದಿನೈದು ದಿನಕ್ಕಾಗುವಷ್ಟು ಬೀಸಿಸಿ. ಭತ್ತವನ್ನು ಭತ್ತವಾಗಿಯೇ ಇಟ್ಟು ಬೇಕಾದಾಗ ಗಿರಣಿಗೆ ಒಯ್ಯಿರಿ, ಹೊಟ್ಟು ಅದಕ್ಕೊಂದು ಅಂಗಿ. ಗಿರಣಿಯಿಂದ ಬಂದ ಹಿಟ್ಟು ಬಿಸಿ ಇರುತ್ತದೆ, ಆರಿಸಿ ತುಂಬಿ. ಡಬ್ಬದ ತಳದಲ್ಲಿ ಹಳೇದು ಎರಡು ಹಿಡಿ ಇರುವಾಗಲೇ ಮೇಲೆ ಹೊಸದು ಸುರಿಯುವುದು ಎಲ್ಲ ಮನೆಯ ತಪ್ಪು. ಆ ಎರಡು ಹಿಡಿಯೇ ಬೀಜ. ಡಬ್ಬ ಪೂರಾ ಖಾಲಿ ಮಾಡಿ, ತೊಳೆದು, ಬಿಸಿಲಿಗಿಟ್ಟು ತುಂಬಿ. ಎಲ್ಲಿಂದ ಬಂದ ಅಕ್ಕಿಯಾದರೂ ಮೊದಲ ದಿನ ಬೇರೆ ಇಟ್ಟು, ಜರಡಿ ಹಿಡಿದು ನೋಡಿ ಒಳಗೆ ಸೇರಿಸಿ. ಕೊತ್ತಂಬರಿ, ಅರಿಶಿನ, ಮೆಣಸಿನಕಾಯಿಗೂ ಹುಳ ಬೀಳುತ್ತದೆ, ಖಾರ ಅಂತ ಅದೇನು ಬಿಡುವುದಿಲ್ಲ. ಫ್ರಿಜ್ಜಿನ ಮೇಲ್ಭಾಗ ಚೆನ್ನಾಗಿ ಮರಗಟ್ಟುವಂತಿದ್ದರೆ ರವೆ, ಬೇಳೆಯ ಪೊಟ್ಟಣವನ್ನು ನಾಲ್ಕು ದಿನ ಅದರೊಳಗಿಡಿ, ಮೊಟ್ಟೆ ಸಮೇತ ಸಾಯುತ್ತದೆ. ಇಲ್ಲದಿದ್ದರೆ ರವೆಯನ್ನು ಹುರಿದಿಡಿ. ಬಲೆ ಕಟ್ಟಿ ಗಂಟುಗಂಟಾದದ್ದನ್ನು, ಕಮಟು ವಾಸನೆ ಬಂದ ಹಿಟ್ಟನ್ನು ದುಡ್ಡಿನ ಆಸೆಗೆ ಉಳಿಸಿಕೊಳ್ಳಬೇಡಿ. ಕಣಜದ ಮೂಲೆ, ಅಟ್ಟದ ಸಂದು, ಗೋಡೆಯ ಬಿರುಕು ಕೆರೆದು ಮಣ್ಣು ಸಗಣಿ ಮೆತ್ತಿ. ಅಲ್ಲಿ ಕೂದಲು ಮೈಯ ಒಂದು ಮರಿ ಹುಳ ಇರುತ್ತದೆ, ಊಟವಿಲ್ಲದೆ ವರ್ಷಗಟ್ಟಲೆ ಕಾಯಬಲ್ಲದು.

ಇಷ್ಟು ಮಾಡಿ ತೊಗರಿ ಇಟ್ಟುಕೊಂಡರೆ ಲಾಭ ಗ್ಯಾರಂಟಿಯಾ? ಸುಳ್ಳು ಹೇಳುವುದಿಲ್ಲ. ೨೦೨೩ರ ಜನವರಿಯಲ್ಲಿ ಮಾರಿದವರು ಬೇಸಿಗೆಯಲ್ಲಿ ಬೆಲೆ ಏರಿದ್ದನ್ನು ಬಾಯಿ ಬಿಟ್ಟು ನೋಡಿದರು. ಏರಿದ್ದೆಷ್ಟೆಂದರೆ ಜೂನ್ ೨ರಂದು ಕೇಂದ್ರ ಸರ್ಕಾರ ತೊಗರಿ, ಉದ್ದಿನ ದಾಸ್ತಾನಿಗೆ ಮಿತಿ ಹೇರಿತು. ಆ ಏರಿಕೆ ರೈತನ ಜೇಬಿಗೆ ಬಂತೇ? ಮಾಲು ಆಗಲೇ ನಮ್ಮ ಕೈಬಿಟ್ಟಿತ್ತು. ಆದರೆ ೨೦೧೭ರಲ್ಲಿ ಬೆಳೆ ಹೆಚ್ಚಾಗಿ, ಬೆಂಬಲ ಬೆಲೆ ೫,೦೫೦ ರೂಪಾಯಿ ಇದ್ದರೂ ಮಂಡಿಯ ಬೆಲೆ ಅದಕ್ಕಿಂತ ಕೆಳಗೆ ಬಿತ್ತು. ಆ ವರ್ಷ ಇಟ್ಟುಕೊಂಡವರಿಗೂ ಏನೂ ಸಿಗಲಿಲ್ಲ. ಅದಕ್ಕೆ ಪೂರ್ತಿ ಇಡಿ ಎಂದು ನಾನು ಹೇಳುವುದಿಲ್ಲ. ಸಾಲದ ಕಂತಿಗೆ ಬೇಕಾದಷ್ಟು ಮಾರಿ, ಮೂರನೇ ಒಂದು ಪಾಲನ್ನಾದರೂ ಇಡಿ. ಅಂಗೈ ಮೇಲೆ ಹರಡಿದಾಗ ಒಂದೂ ತೂತಿಲ್ಲದ ತೊಗರಿ ಇದ್ದವನು "ಈ ಬೆಲೆಗೆ ಕೊಡೋದಿಲ್ಲ" ಅಂತ ಎದ್ದು ಬರಬಹುದು. ಜರಡಿ ಇದ್ದವನು ಏಳಲಾರ, ನಾನು ಅಂದು ಏಳಲಿಲ್ಲ. ೨೦೦೭ರ ಉಗ್ರಾಣ ಕಾಯ್ದೆ ಬಂದ ಮೇಲೆ ನೋಂದಾಯಿತ ಗೋದಾಮಿನ ರಸೀತಿಯ ಮೇಲೆ ಬ್ಯಾಂಕಿನಲ್ಲಿ ಸಾಲ ಕೇಳುವ ದಾರಿಯೂ ಇದೆ. ಅಲ್ಲಿಯೂ ಮೊದಲು ನೋಡುವುದು ತೇವ ಮತ್ತು ತೂತು.

ಕೊನೆಗೆ ಒಬ್ಬರು ಹಿರಿಯರು ಕೇಳಿದರು, "ನನ್ನದಕ್ಕೆ ಈಗಾಗಲೇ ಹಿಡಿದಿದೆ, ಏನು ಮಾಡಲಿ?" ಇವತ್ತೇ ಹೊರಗೆ ತೆಗೆಯಿರಿ. ಜರಡಿ ಹಿಡಿದು, ಹುಡಿಯನ್ನೂ ಹುಳವನ್ನೂ ಅಲ್ಲೇ ಸುಟ್ಟುಬಿಡಿ, ತಿಪ್ಪೆಗೆ ಹಾಕಿದರೆ ಹಾರಿ ಬರುತ್ತವೆ. ಉಳಿದ ಕಾಳನ್ನು ಕಪ್ಪು ಟಾರ್ಪಾಲಿನ ಮೇಲೆ ಹಾಳೆ ಮುಚ್ಚಿ ಕಾಯಿಸಿ, ಆರಿಸಿ, ಕೂಡಲೇ ಬೇಳೆ ಮಾಡಿಸಿ. ಆ ಗೋಣಿಚೀಲಗಳನ್ನು ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸದೆ ಯಾರಿಗೂ ಕೊಡಬೇಡಿ, ಕೇಳಲು ಬಂದವನು ನಾನಾದರೂ ಸರಿ. ಮುಂದಿನ ಸಭೆಗೆ ಬರುವಾಗ ಎಲ್ಲರೂ ಮನೆಯ ಚೀಲದಿಂದ ಒಂದೊಂದು ಹಿಡಿ ತೊಗರಿ ತನ್ನಿ, ಉಪ್ಪಿನ ಬಾಟಲಿ ನಾನು ತರುತ್ತೇನೆ.